ಚಳಿಗಾಲದ ಕ್ಯಾಂಪಿಂಗ್: ಕೈ ಒಣಗಿಸಿಕೊಂಡು ಬೆಚ್ಚಗಿಡುವುದು ಹೇಗೆ? ಪುಣೆಯಿಂದ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಹಿಮಾಲಯದ ಕೇದಾರಕಂಠ ಶಿಖರದ ದಾರಿಯಲ್ಲಿ ಎರಡನೆಯ ಬೆಳಗ್ಗೆ ನನ್ನ ತಂಗಿ ಟೆಂಟಿನ ಜಿಪ್ಪನ್ನು ಹಲ್ಲಿನಿಂದ ಎಳೆದು ತೆರೆದಳು. ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ. ಪುಣೆಯಿಂದ ಎರಡು ಜೊತೆ ದಪ್ಪನೆಯ ಕೈಗವಸು ಕಟ್ಟಿಕೊಂಡೇ ಹೋಗಿದ್ದಳು. ಒಂದು ಜೊತೆ ಹಿಂದಿನ ದಿನ ಏರುವಾಗ ಬೆವರಿಗೆ ತೊಯ್ದಿತ್ತು, ಇನ್ನೊಂದು ಸಂಜೆ ಹಿಮ ತೋಡಿ ಪಾತ್ರೆಗೆ ತುಂಬುವಾಗ. ರಾತ್ರಿ ಟೆಂಟಿನ ಮೂಲೆಗೆ ಎಸೆದಿದ್ದ ನಾಲ್ಕೂ ಬೆಳಗಾಗುವಷ್ಟರಲ್ಲಿ ಹಪ್ಪಳದ ಹಾಗೆ ಸೆಟೆದಿದ್ದವು. ಅವಳ ಬೆರಳ ತುದಿಗಳಿಗೆ ಪೂರ್ತಿ ಸ್ಪರ್ಶ ಮರಳಲು ಊರಿಗೆ ಬಂದ ಮೇಲೂ ಹತ್ತು ದಿನ ಹಿಡಿಯಿತು.

ಆಮೇಲಿನ ಪ್ರತಿ ಚಳಿಗಾಲದಲ್ಲೂ ನಾವು ಹೊರಟಿದ್ದೇವೆ. ಕೈ ತಣ್ಣಗಾಗುವ ಮೊದಲು ಒದ್ದೆಯಾಗಿರುತ್ತದೆ ಎಂಬುದನ್ನು ಪ್ರತಿ ಸಲವೂ ಕಂಡಿದ್ದೇನೆ. ಒದ್ದೆಯಾಗುವುದನ್ನು ತಡೆದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದ ಹಾಗೆ. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಪುಣೆಯ ಕನ್ನಡಿಗರಿಗೆ ಎರಡು ಬಗೆಯ ಚಳಿ ಎದುರಾಗುತ್ತದೆ. ಒಂದು ಸಹ್ಯಾದ್ರಿಯದು: ಡಿಸೆಂಬರ್, ಜನವರಿಯಲ್ಲಿ ಪವನಾ ಕೆರೆಯ ದಂಡೆ, ಭಂಡಾರದರಾ, 1,646 ಮೀಟರ್ ಎತ್ತರದ ಕಳಸೂಬಾಯಿಯ ಬುಡ. ಇಲ್ಲಿ ನೀರು ಹೆಪ್ಪುಗಟ್ಟುವುದು ಅಪರೂಪ, ಆದರೆ ಇಬ್ಬನಿ ಟೆಂಟಿನಿಂದ ತೊಟ್ಟಿಕ್ಕುತ್ತದೆ. ಇನ್ನೊಂದು ಹಿಮಾಲಯದ್ದು: ಕ್ರಿಸ್ಮಸ್ ರಜೆಯಲ್ಲಿ ಡೆಹ್ರಾಡೂನ್ ದಾಟಿ ಸಾಂಕ್ರಿ ತಲುಪಿ, ಅಲ್ಲಿಂದ ಸುಮಾರು 3,800 ಮೀಟರಿನ ಕೇದಾರಕಂಠಕ್ಕೆ ಏರುವವರಿಗೆ ಸಿಗುವ ಹಿಮದ ಚಳಿ. ಮೊದಲನೆಯದರಲ್ಲಿ ಕಲಿತರೆ ಎರಡನೆಯದು ಸುಲಭವಾಗುತ್ತದೆ. ಹೊಸಬರು ನೇರವಾಗಿ ಹಿಮಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಕೈಯೇ ಏಕೆ ಮೊದಲು ಸೋಲುತ್ತದೆ?

ಬೆರಳಿನಲ್ಲಿ ಶಾಖ ಹುಟ್ಟಿಸುವ ಮಾಂಸಖಂಡ ಇಲ್ಲವೆಂದೇ ಹೇಳಬಹುದು. ಬೆರಳನ್ನು ಆಡಿಸುವ ಸ್ನಾಯುಗಳೆಲ್ಲ ಮುಂಗೈಯಲ್ಲೂ ಅಂಗೈಯಲ್ಲೂ ಇವೆ, ಬೆರಳಿಗೆ ಬರುವುದು ಅವುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮಾತ್ರ. ಹಾಗಾಗಿ ಬೆರಳಿನ ಬಿಸಿಯೆಲ್ಲ ರಕ್ತ ಹೊತ್ತು ತಂದದ್ದು. ಎದೆ, ಹೊಟ್ಟೆ ತಣ್ಣಗಾಗತೊಡಗಿದೊಡನೆ ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿಹಿಡಿದು ಹೃದಯ, ಮಿದುಳುಗಳಿಗೆ ಬೇಕಾದ ಶಾಖವನ್ನು ಒಳಗೇ ಉಳಿಸಿಕೊಳ್ಳುತ್ತದೆ. ಬರಗಾಲದಲ್ಲಿ ಕಾಲುವೆಯ ಕೊನೆಯ ಹೊಲಕ್ಕೆ ಮೊದಲು ನೀರು ನಿಲ್ಲುತ್ತದಲ್ಲ, ಹಾಗೆ.

ಇದರ ಮೇಲೆ ನೀರು ಸೇರಿದರೆ ನಷ್ಟ ಹಲವು ಪಟ್ಟು. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಎಳೆದುಕೊಳ್ಳುವ ಶಾಖ, ಅಷ್ಟೇ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾಗುವುದರ ಐದು ಪಟ್ಟಿಗೂ ಹೆಚ್ಚು. ಒದ್ದೆ ಕೈಗವಸು ತೊಟ್ಟು ಗಾಳಿಗೆ ನಿಂತರೆ ಅಷ್ಟು ಶಾಖವನ್ನೂ ಕೊಡಬೇಕಾದದ್ದು ನಿಮ್ಮ ಬೆರಳು.

ಮೊದಲ ಹೆಜ್ಜೆ: ಕೈಗವಸನ್ನು ಮೂರು ಪದರವಾಗಿ ಜೋಡಿಸಿಕೊಳ್ಳಿ

ದಪ್ಪನೆಯ ಒಂದೇ ಜೊತೆಗೆ ದುಡ್ಡು ಸುರಿಯಬೇಡಿ. ಅದು ಒಮ್ಮೆ ತೊಯ್ದರೆ ಕ್ಯಾಂಪಿನಲ್ಲಿ ಒಣಗುವುದಿಲ್ಲ. ತೆಳುವಾದವು ಒಣಗುತ್ತವೆ.

ಒಳಗಿನ ಪದರ ಐದೂ ಬೆರಳು ಬಿಡಿಸಿದ ತೆಳು ಕೈಗವಸು. ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಬೇಕು, ಹತ್ತಿಯದು ಬೇಡವೇ ಬೇಡ. ಹತ್ತಿ ನೀರು ಕುಡಿದು ಚರ್ಮಕ್ಕೆ ಅಂಟಿಕೊಂಡೇ ಕೂಡುತ್ತದೆ. ಪಾಲಿಯೆಸ್ಟರ್ ನೂಲು ತನ್ನ ತೂಕದ ನೂರರಲ್ಲಿ ಒಂದು ಭಾಗದಷ್ಟೂ ತೇವ ಹೀರುವುದಿಲ್ಲ, ಹಿಂಡಿ ಕೊಡವಿದರೆ ಬೇಗ ಒಣಗುತ್ತದೆ. ಉಣ್ಣೆಯ ಗುಣ ಬೇರೆ. ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಎಳೆಯೊಳಗೇ ಅಡಗಿಸಿಕೊಂಡು, ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಇದನ್ನು ನಮ್ಮ ಕುರಿಗಾಹಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ಕುರಿ ಕಾಯುವವರನ್ನು ನೋಡಿ ಬೆಳೆದವರಿಗೆ ಉಣ್ಣೆಯ ಬೆಲೆ ಗೊತ್ತು. ಇಲ್ಲಿ ಧನಗರರು ಅದೇ ಕಂಬಳಿಯನ್ನು ಘೋಂಗಡಿ ಎನ್ನುತ್ತಾರೆ. ಇಂಥ ಒಳಗವಸು ತಲೆಗೆ ಮೂರು ಜೊತೆ ಇರಲಿ.

ನಡುವಿನ ಪದರ ಬೆಚ್ಚಗಿಡುವಂಥದ್ದು, ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ) ಅಥವಾ ದಪ್ಪ ಉಣ್ಣೆ. ಇಲ್ಲಿ ಮಿಟನ್ ಆರಿಸಿಕೊಳ್ಳಿ, ಅಂದರೆ ಹೆಬ್ಬೆರಳು ಮಾತ್ರ ಬೇರೆಯಾಗಿ ನಾಲ್ಕು ಬೆರಳು ಒಂದೇ ಚೀಲದಲ್ಲಿರುವಂಥದ್ದು. ಬೆರಳುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಶಾಖ ಹೊರಬೀಳುವ ಜಾಗ ಕಡಿಮೆಯಾಗುತ್ತದೆ. ಮಕ್ಕಳಿಗಂತೂ ಮಿಟನ್ನೇ ಸರಿ.

ಹೊರಗಿನ ಪದರ ಗಾಳಿ ಮತ್ತು ನೀರು ತಡೆಯುವ ಬರಿ ಹೊದಿಕೆ. ಒಳಗೆ ಹತ್ತಿ, ಸ್ಪಂಜು ಏನೂ ಹೊಲಿದಿರಬಾರದು, ಹೊಲಿದಿದ್ದರೆ ತೊಯ್ದ ಮೇಲೆ ಬಿಚ್ಚಿ ಒಣಗಿಸಲಾಗದು. ಮುಂಗೈವರೆಗೆ ಉದ್ದವಿದ್ದು ದಾರ ಎಳೆದು ಬಿಗಿಯುವಂತಿದ್ದರೆ ಹಿಮ ಒಳಗೆ ನುಗ್ಗುವುದಿಲ್ಲ.

ಇವು ಮೂರರ ಜೊತೆಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೋವ್ಸ್ ಒಂದು ಜೊತೆ, ನಿಮ್ಮ ಅಳತೆಗಿಂತ ಒಂದು ಸೈಜು ದೊಡ್ಡದು. ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕ್ಯಾಂಪಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಇದೇ.

ಅಳತೆ ನೋಡುವುದು ಹೀಗೆ: ಒಳಗವಸಿನ ಮೇಲೆ ಮಿಟನ್, ಅದರ ಮೇಲೆ ಹೊದಿಕೆ ತೊಟ್ಟು ಮುಷ್ಟಿ ಕಟ್ಟಿ. ಬೆರಳ ತುದಿ ಬಟ್ಟೆಗೆ ಒತ್ತಿದರೆ ಚಿಕ್ಕದಾಯಿತು. ಬಿಗಿಯಾದ ಕೈಗವಸು ರಕ್ತ ತಡೆಯುತ್ತದೆ, ಬೆಚ್ಚಗಿಡುವ ಗಾಳಿಯನ್ನೂ ಹಿಂಡಿ ಹೊರಹಾಕುತ್ತದೆ.

ಪುಣೆಯಲ್ಲಿ ಕೊಳ್ಳಲು ದೂರ ಹೋಗಬೇಕಿಲ್ಲ. ಚಳಿಗಾಲದಲ್ಲಿ ಟಿಬೆಟಿಯನ್ನರು ಹಾಕುವ ಸ್ವೆಟರ್ ಅಂಗಡಿಗಳಲ್ಲಿ ಒಳಗವಸು, ಮಿಟನ್ ಎರಡೂ ಸಿಗುತ್ತವೆ. ನಾನು ಕೊಂಡ ಅಂಗಡಿಯ ಅಕ್ಕ ಮುಂಡಗೋಡದವರು, ಚೌಕಾಸಿಯೆಲ್ಲ ಕನ್ನಡದಲ್ಲೇ ನಡೆಯಿತು. ಆದರೆ ಉಣ್ಣೆಯೆಂದು ಮಾರುವುದೆಲ್ಲ ಉಣ್ಣೆಯಲ್ಲ, ಬಹಳಷ್ಟು ಅಕ್ರಿಲಿಕ್. ಸಂಶಯವಿದ್ದರೆ ಒಂದು ಎಳೆ ಕೇಳಿ ಪಡೆದು ಬೆಂಕಿಗೆ ಹಿಡಿಯಿರಿ: ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಂಟಾಗುತ್ತದೆ. ಹೆಣಿಗೆ ಬರುವವರು ಮನೆಯಲ್ಲಿದ್ದರೆ ತುಳಶಿಬಾಗ್‌ನಿಂದ ಉಣ್ಣೆ ತಂದುಕೊಡಿ. ನಮ್ಮತ್ತೆ ಹೆಣೆದ ಮಿಟನ್ ಆರು ವರ್ಷದಿಂದ ಬಾಳುತ್ತಿದೆ.

ಎರಡನೆಯ ಹೆಜ್ಜೆ: ಹೊರಡುವ ಮುಂಚೆ ಮನೆಯಲ್ಲೇ ಪರೀಕ್ಷೆ

ಟೆಂಟನ್ನು ಟೆರೇಸಿಗೆ ಒಯ್ದು ಕೈಗವಸು ತೊಟ್ಟುಕೊಂಡೇ ಕಟ್ಟಿ, ಬಿಚ್ಚಿ. ಯಾವ ಕೆಲಸಕ್ಕೆ ಕೈಗವಸು ತೆಗೆಯಬೇಕಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಜಿಪ್ಪಿನ ಕೊಂಡಿ ಸಿಗದಿದ್ದರೆ ಅದಕ್ಕೆ ಹೆಬ್ಬೆರಳುದ್ದದ ದಪ್ಪ ದಾರ ಕಟ್ಟಿ. ಟೆಂಟಿನ, ಬ್ಯಾಗಿನ, ಜಾಕೆಟ್ಟಿನ ಎಲ್ಲ ಜಿಪ್ಪಿಗೂ ಕಟ್ಟಿ. ಶೂ ಲೇಸಿಗೆ, ಸ್ಟವ್ ಹಚ್ಚುವುದಕ್ಕೆ ಒಳಗವಸು ಮಾತ್ರ ಸಾಕಾಗುವಂತೆ ರೂಢಿ ಮಾಡಿಕೊಳ್ಳಿ. ಮಿಟನ್ನುಗಳಿಗೆ ಒಂದು ದಾರ ಹೊಲಿದು ಕೊರಳಿಗೆ ಹಾಕಿಕೊಳ್ಳುವಂತೆ ಮಾಡಿ, ಗಾಳಿಯಲ್ಲಿ ಹಾರಿಹೋದ ಒಂದು ಮಿಟನ್ ಇಡೀ ಪ್ರವಾಸವನ್ನು ನಿಲ್ಲಿಸಬಲ್ಲದು.

ಬೆರಳಿರುವ ಕೈಗವಸನ್ನು ಗಾಳಿಗೆ ಒಡ್ಡಿ ನೋಡಲು ಪುಣೆಯವರಿಗೆ ಒಳ್ಳೆಯ ಅನುಕೂಲವಿದೆ. ಜನವರಿಯ ಬೆಳಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಪಾಷಾಣ್ ಬಡಾವಣೆಯ ಕಡೆ ಅರ್ಧ ಗಂಟೆ ಓಡಿಸಿ. ಊರಿನ ಆ ಭಾಗದಲ್ಲಿ ಚಳಿ ಯಾವಾಗಲೂ ಒಂದು ಕೈ ಮೇಲು. ಮಿಟನ್ ತೊಟ್ಟು ಮಾತ್ರ ಗಾಡಿ ಓಡಿಸಬೇಡಿ, ಬ್ರೇಕ್ ಹಿಡಿಯಲಾಗದು.

ಚಳಿಗೆ ಬೆರಳು ಬೆಳ್ಳಗಾಗಿ, ನೀಲಿಗಟ್ಟಿ, ಬೆಚ್ಚಗಾದಾಗ ಕೆಂಪಾಗುವ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಮಾರಿಸ್ ರೇನೋ ಅವರ ಹೆಸರೇ ಇದಕ್ಕಿದೆ, ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶ ಕುಂದಿದವರೂ ಕೇಳಿಯೇ ಹೊರಡಬೇಕು.

ಮೂರನೆಯ ಹೆಜ್ಜೆ: ಮೈ ಬೆಚ್ಚಗಿದ್ದರೆ ಕೈ ಬೆಚ್ಚಗೆ

ಕೈ ತಣ್ಣಗೆನಿಸಿದರೆ ಮೊದಲು ಟೊಪ್ಪಿಗೆ ಹಾಕಿ, ಜಾಕೆಟ್ಟಿನ ಜಿಪ್ ಏರಿಸಿ, ಆಮೇಲೆ ಕೈಗವಸಿನ ಕಡೆ ನೋಡಿ. ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮಕ್ಕೆ ತೀರ ಹತ್ತಿರ, ನಾಡಿ ನೋಡುವುದೇ ಅಲ್ಲಿ. ಹಳೆಯ ಉಣ್ಣೆ ಕಾಲುಚೀಲದ ಪಾದ ಕತ್ತರಿಸಿ, ಉಳಿದ ತೋಳಿನಂಥ ಭಾಗವನ್ನು ಮಣಿಕಟ್ಟಿಗೆ ಏರಿಸಿ. ಖರ್ಚಿಲ್ಲದ ಈ ಉಪಾಯ ದುಬಾರಿ ಕೈಗವಸಿನಷ್ಟೇ ಕೆಲಸ ಮಾಡುತ್ತದೆ. ಉಂಗುರ, ಬಿಗಿ ಬಳೆ, ಗಡಿಯಾರ ಮನೆಯಲ್ಲೇ ಬಿಡಿ. ಟ್ರೆಕ್ಕಿಂಗ್ ಕೋಲಿನ ಪಟ್ಟಿಯನ್ನು ಸಡಿಲಿಸಿ.

ಹೊಟ್ಟೆಗೆ ಕೊಬ್ಬು, ಬೆಲ್ಲ ಇರಲಿ. ಅಂಟಿನ ಉಂಡಿ, ಶೇಂಗಾ ಹೋಳಿಗೆ ಇಂಥ ಚಳಿಗೆಂದೇ ಇವೆ. ಬೀಡಿ, ಸಿಗರೇಟು, ತಂಬಾಕು ಬೆರಳಿನ ರಕ್ತನಾಳ ಬಿಗಿಸುತ್ತವೆ. ಮದ್ಯ ಚರ್ಮದ ನಾಳಗಳನ್ನು ಸಡಿಲಿಸುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ, ಆಗ ಒಳಗಿನ ಶಾಖ ಹೊರಹೋಗುತ್ತಿರುತ್ತದೆ.

ನಾಲ್ಕನೆಯ ಹೆಜ್ಜೆ: ಏರುವಾಗ ಬೆವರಬೇಡಿ

ತಂಗಿ ತಪ್ಪಿದ್ದು ಇಲ್ಲೇ. ನಡೆಯಲು ಶುರುಮಾಡುವಾಗ ಕೈ ಸ್ವಲ್ಪ ತಣ್ಣಗಿರಲಿ, ಹತ್ತು ನಿಮಿಷದ ಏರಿಗೆ ಬೆಚ್ಚಗಾಗುತ್ತದೆ. ಅಂಗೈ ಪಸೆಯೆನಿಸಿದೊಡನೆ ಮಿಟನ್ ತೆಗೆದು ಒಳಗವಸಿನಲ್ಲೇ ನಡೆಯಿರಿ. ಅದೂ ಪಸೆಯಾದರೆ ತೆಗೆದು ಜಾಕೆಟ್ಟಿನ ಒಳಗೆ, ಹೊಟ್ಟೆಗೆ ಹತ್ತಿರ ಇಡಿ, ಹೊರಗಿನ ಜೇಬಿನಲ್ಲಿಟ್ಟರೆ ತಣ್ಣಗಾಗುತ್ತದೆ. ಕುಳಿತು ವಿಶ್ರಮಿಸುವಾಗ ಮೈ ತಣಿಯುವ ಮೊದಲೇ ಒಣ ಜೊತೆ ತೊಟ್ಟುಕೊಳ್ಳಿ. ಬಿಚ್ಚುವುದು, ತೊಡುವುದು ಬೇಸರದ ಕೆಲಸ ನಿಜ, ಆದರೆ ದಿನಕ್ಕೆ ಹತ್ತು ಸಲ ಮಾಡಲೇಬೇಕು.

ಹಿಮದ ಮೇಲೆ ಬರಿಗೈ ಊರಬೇಡಿ. ಕೈಗವಸಿಗೆ ಹತ್ತಿದ ಹಿಮವನ್ನು ಕರಗುವ ಮೊದಲೇ ಕೊಡವಿಬಿಡಿ, ಟೆಂಟಿನೊಳಗೆ ಹೋದ ಮೇಲೆ ಅದು ನೀರೇ.

ಐದನೆಯ ಹೆಜ್ಜೆ: ಟೆಂಟಿನ ಜಾಗ

ನಿಶ್ಚಲ ರಾತ್ರಿಯಲ್ಲಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಹರಿದು ನಿಲ್ಲುತ್ತದೆ. ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆಂಬ ಲೆಕ್ಕ ಇಂಥ ರಾತ್ರಿಯಲ್ಲಿ ತಲೆಕೆಳಗಾಗಿ, ದಿಬ್ಬಕ್ಕಿಂತ ಕಣಿವೆಯೇ ತಣ್ಣಗಿರುವುದುಂಟು. ಪವನಾದಲ್ಲಿ ನೀರಿನಂಚಿನ ಟೆಂಟೇ ಬೇಕೆಂದು ಎಲ್ಲರೂ ಕೇಳುತ್ತಾರೆ. ಫೋಟೊಕ್ಕೆ ಚೆನ್ನ, ಕೈಗೆ ಕೆಟ್ಟದ್ದು. ದಂಡೆಯಿಂದ ಮೇಲೆ, ಗಾಳಿಗೆ ಮರೆಯಾದ, ಬೆಳಗ್ಗೆ ಬೇಗ ಬಿಸಿಲು ಬೀಳುವ ಜಾಗ ಹುಡುಕಿ. ಮರದ ಕೆಳಗೆ ಇಬ್ಬನಿ ಕಡಿಮೆ ಬೀಳುತ್ತದೆ, ಆದರೆ ಒಣಕೊಂಬೆ ಮೇಲಿಲ್ಲವೆಂದು ನೋಡಿಕೊಳ್ಳಿ. ಕೋಟೆಗಳ ಮೇಲೂ ಅಭಯಾರಣ್ಯದಲ್ಲೂ ರಾತ್ರಿ ತಂಗಲು, ಬೆಂಕಿ ಹಾಕಲು ನಿರ್ಬಂಧಗಳಿರುತ್ತವೆ, ಹೊರಡುವ ಮೊದಲೇ ವಿಚಾರಿಸಿ.

ಟೆಂಟಿನ ಗಾಳಿಕಿಂಡಿ ಮುಚ್ಚಬೇಡಿ. ಉಸಿರಿನ ತೇವ ಹೊರಹೋಗದಿದ್ದರೆ ಬಟ್ಟೆಗೆ ನೀರಾಗಿ ಕಟ್ಟಿ, ಬೆಳಗ್ಗೆ ಎಲ್ಲದರ ಮೇಲೂ ಸುರಿಯುತ್ತದೆ.

ಆರನೆಯ ಹೆಜ್ಜೆ: ನೀರು, ಪಾತ್ರೆ, ಸ್ಟವ್

ಕ್ಯಾಂಪಿನಲ್ಲಿ ಕೈ ಕೆಡುವುದು ನಡೆಯುವಾಗಲ್ಲ, ಅಡುಗೆಯ ಹೊತ್ತಿಗೆ. ಮೈ ತಣಿದಿರುತ್ತದೆ, ಬಿಸಿಲು ಇಳಿದಿರುತ್ತದೆ, ಕೈ ನೀರಿನಲ್ಲಿರುತ್ತದೆ. ನಮ್ಮಲ್ಲಿ ಈಗ ಇದಕ್ಕೊಂದು ಕ್ರಮವಿದೆ. ಬಿಸಿಲಿರುವಾಗಲೇ ರಾತ್ರಿಗೂ ಬೆಳಗಿಗೂ ಸೇರಿಸಿ ನೀರು ತುಂಬಿಡುತ್ತೇವೆ. ನೀರು ಮುಟ್ಟುವವರು ಇಬ್ಬರೇ, ಉಣ್ಣೆಯ ಒಳಗವಸಿನ ಮೇಲೆ ರಬ್ಬರ್ ಗ್ಲೋವ್ಸ್ ತೊಟ್ಟವರು. ಹಿಮ ತೋಡುವುದು, ಪಾತ್ರೆ ತೊಳೆಯುವುದು, ತೊಯ್ದ ಟೆಂಟ್ ಮಡಚುವುದು ಎಲ್ಲ ಅವರದೇ. ಅರ್ಧ ಗಂಟೆಗೊಮ್ಮೆ ಗ್ಲೋವ್ಸ್ ತೆಗೆದು ಒಳಗಿನ ಬೆವರು ಆರಿಸುತ್ತಾರೆ, ರಬ್ಬರಿನೊಳಗೆ ಬೆವರು ಹೋಗಲು ದಾರಿಯಿಲ್ಲ. ಉಂಡ ತಟ್ಟೆಯನ್ನು ರೊಟ್ಟಿಯ ಚೂರಿನಿಂದ ಒರೆಸಿ ತಿಂದುಬಿಟ್ಟರೆ ತೊಳೆಯಲು ಏನೂ ಉಳಿಯುವುದಿಲ್ಲ.

ಸ್ಟೀಲ್ ಲೋಟ, ಸ್ಟವ್, ಟೆಂಟಿನ ಕಂಬಿ, ಮೊಳೆ ಇವನ್ನು ಬರಿಗೈಯಿಂದ ಮುಟ್ಟಬೇಡಿ. ಸ್ಯಾನಿಟೈಸರ್ ಆವಿಯಾಗುವಾಗ ಬೆರಳಿನ ಶಾಖ ಕಿತ್ತುಕೊಳ್ಳುತ್ತದೆ, ಬಿಸಿನೀರು ಒಂದಿಷ್ಟು, ಸೋಪು ಒಂದಿಷ್ಟು ಬಳಸಿ ತಕ್ಷಣ ಒರೆಸಿಕೊಳ್ಳಿ. ಸೀಮೆಎಣ್ಣೆ, ಪೆಟ್ರೋಲ್ ಇನ್ನೂ ಅಪಾಯ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೂ ಅವು ದ್ರವವಾಗಿಯೇ ಇರುತ್ತವೆ, ಕೈಮೇಲೆ ಚೆಲ್ಲಿದರೆ ಅಷ್ಟೂ ಚಳಿ ಚರ್ಮಕ್ಕೆ ಇಳಿಯುತ್ತದೆ.

ಗ್ಯಾಸ್ ಡಬ್ಬಿ ಉರಿಯದಿದ್ದರೆ ಅದನ್ನು ಅಲುಗಾಡಿಸುತ್ತ ಬೆರಳು ಕೊಲ್ಲಬೇಡಿ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಹಿಮಕ್ಕೆ ಹೋಗುವವರು ಐಸೊಬ್ಯುಟೇನ್ ಮತ್ತು ಪ್ರೊಪೇನ್ ಬೆರೆಸಿದ ಡಬ್ಬಿ ಒಯ್ಯಬೇಕು, ಬಳಸುವ ಮೊದಲು ಜಾಕೆಟ್ಟಿನೊಳಗೆ ಇಟ್ಟುಕೊಂಡಿರಬೇಕು.

ಎಷ್ಟೇ ಚಳಿಯಾದರೂ ಟೆಂಟಿನೊಳಗೆ ಸ್ಟವ್ ಆಗಲಿ ಇದ್ದಿಲಿನ ಶೆಗಡಿ ಆಗಲಿ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರು ಏಳುವುದಿಲ್ಲ.

ಏಳನೆಯ ಹೆಜ್ಜೆ: ರಾತ್ರಿ ಒಣಗಿಸುವುದು

ಮಲಗುವ ಮುಂಚೆ ಒದ್ದೆ ಒಳಗವಸನ್ನು ಹಿಂಡಿ, ಒಣ ಟವೆಲ್ಲಿನಲ್ಲಿ ಸುತ್ತಿ ಮಂಡಿಯಿಂದ ಒತ್ತಿ. ಆಮೇಲೆ ಬನಿಯನ್ನಿಗೂ ಸ್ವೆಟರಿಗೂ ನಡುವೆ, ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿ. ಮೈಶಾಖಕ್ಕೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಒಂದೆರಡು ತೆಳು ಜೊತೆಗೆ ಇದು ಸರಿ. ದಪ್ಪನೆಯದನ್ನು ತಂದರೆ ಸ್ಲೀಪಿಂಗ್ ಬ್ಯಾಗೇ ತೇವವಾಗುತ್ತದೆ, ಅದರಲ್ಲೂ ಹಕ್ಕಿಗರಿ ತುಂಬಿದ ಬ್ಯಾಗು ತೊಯ್ದರೆ ಮುದ್ದೆಗಟ್ಟಿ ಕೆಲಸಕ್ಕೆ ಬಾರದು. ಬೆಂಕಿಯ ಮೇಲೆ ಹಿಡಿದು ಒಣಗಿಸಲು ಹೋಗಬೇಡಿ, ಪಾಲಿಯೆಸ್ಟರ್ ಕರಗುತ್ತದೆ.

ಮಲಗುವಾಗ ಬಿಸಿನೀರಿನ ಬಾಟಲಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಹೀಟರ್. ಗಟ್ಟಿ ಪ್ಲಾಸ್ಟಿಕ್ಕಿನದೋ ಒಂದೇ ಪದರದ ಸ್ಟೀಲಿನದೋ ಆಗಬೇಕು. ಥರ್ಮಾಸ್ ಶಾಖ ಹೊರಬಿಡುವುದಿಲ್ಲ, ತೆಳು ನೀರಿನ ಬಾಟಲಿ ಕುದಿನೀರಿಗೆ ಸೊಟ್ಟಗಾಗುತ್ತದೆ. ತಲೆಕೆಳಗು ಮಾಡಿ ಸೋರುವುದಿಲ್ಲವೆಂದು ನೋಡಿ, ಉಣ್ಣೆ ಕಾಲುಚೀಲದೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಅಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಬೆಳಗ್ಗೆ ಕುಡಿಯಲು ಹೆಪ್ಪುಗಟ್ಟದ ನೀರೂ ಸಿಕ್ಕಂತಾಯಿತು.

ಅಂಗಡಿಯಲ್ಲಿ ಸಿಗುವ ಹ್ಯಾಂಡ್ ವಾರ್ಮರ್ ಪೊಟ್ಟಣಗಳಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಗಾಳಿ ತಾಗಿದಾಗ ಅದು ತುಕ್ಕುಹಿಡಿಯುತ್ತ ಬಿಸಿಯಾಗುತ್ತದೆ. ಬೇಕಾಗುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ತೆರೆಯಿರಿ. ಎತ್ತರದಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಅಷ್ಟು ಕಾಯುವುದಿಲ್ಲ. ಒಳಗವಸಿನ ಹೊರಗೆ, ಮಣಿಕಟ್ಟಿನ ಮೇಲೆ ಇಡಿ. ಜೋಮು ಹಿಡಿದ ಚರ್ಮಕ್ಕೆ ನೇರವಾಗಿ ಒತ್ತಿದರೆ ಸುಟ್ಟದ್ದೂ ತಿಳಿಯುವುದಿಲ್ಲ.

ಎಂಟನೆಯ ಹೆಜ್ಜೆ: ಬೆರಳು ಮರಗಟ್ಟಿದರೆ

ಜೋಮು ಶುರುವಾದೊಡನೆ ನಿಂತು ಎರಡೂ ತೋಳುಗಳನ್ನು ರಾಟೆಯಂತೆ ಜೋರಾಗಿ ಮೂವತ್ತು ಸುತ್ತು ತಿರುಗಿಸಿ, ರಕ್ತ ತುದಿಗೆ ನುಗ್ಗುತ್ತದೆ. ಆಮೇಲೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಬಾಯಿಂದ ಊದಿದರೆ ಒಂದು ಕ್ಷಣ ಹಿತ, ಮರುಕ್ಷಣ ತೇವ. ಬೆಚ್ಚಗಾಗುವಾಗ ಚುಚ್ಚುವಂಥ ನೋವು ಬರುತ್ತದೆ, ಅದು ಒಳ್ಳೆಯ ಲಕ್ಷಣ.

ಬೆರಳು ಮೇಣದಂತೆ ಬಿಳಿಚಿ, ಒತ್ತಿದರೆ ಗಟ್ಟಿಯಾಗಿ, ನೋವೇ ಇಲ್ಲದಿದ್ದರೆ ಅದು ಹಿಮಗಡಿತ. ಉಜ್ಜಬಾರದು, ಹಿಮ ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆಯಿದ್ದರೆ ಕರಗಿಸದೆಯೇ, ಒಣ ಬಟ್ಟೆಯಲ್ಲಿ ಸುತ್ತಿ ಕೆಳಗಿಳಿಸಿ. ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳಿಗೆ ಆಗುವ ಹಾನಿ ದೊಡ್ಡದು. ಸುರಕ್ಷಿತ ಜಾಗ ತಲುಪಿದ ಮೇಲೆ 37ರಿಂದ 39 ಡಿಗ್ರಿಯ ನೀರಿನಲ್ಲಿ, ಬೆರಳು ಮೆತ್ತಗಾಗಿ ಬಣ್ಣ ಬರುವವರೆಗೆ, ಸುಮಾರು ಅರ್ಧ ಗಂಟೆ ಅದ್ದಿ. ನೀರಿನ ಬಿಸಿಯನ್ನು ಬೇರೆಯವರು ಮೊಣಕೈಯಿಂದ ನೋಡಬೇಕು. ಗುಳ್ಳೆ ಒಡೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಒಂಬತ್ತನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಬಿರಿದ ಬೆರಳಿಗೆ ರಾತ್ರಿ ವ್ಯಾಸಲೀನ್ ಹಚ್ಚಿ ಒಳಗವಸು ತೊಟ್ಟು ಮಲಗಿ. ಉಣ್ಣೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಹಿಂಡದೆ, ಒತ್ತಿ ತೊಳೆದು ನೆರಳಲ್ಲಿ ಹರವಿ. ಮಿಟನ್‌ಗಳ ಒಳಮೈ ಹೊರಗೆ ತಿರುವಿ ಎರಡು ದಿನ ಆರಿಸಿ. ಪುಣೆಯ ಜೂನ್‌ನಿಂದ ಸೆಪ್ಟೆಂಬರಿನ ತೇವಕ್ಕೆ ಪೆಟ್ಟಿಗೆಯಲ್ಲಿಟ್ಟ ಉಣ್ಣೆ ಬೂಸಲು ಹಿಡಿಯುತ್ತದೆ, ನುಸಿ ತಿನ್ನುತ್ತದೆ. ಒಣಗಿದ ಬೇವಿನೆಲೆ ಹಾಕಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ದಸರೆಯ ಬಿಸಿಲಿಗೆ ಒಮ್ಮೆ ತೆಗೆದು, ಕೈಗೆ ಹಾಕಿ ನೋಡಿ, ಎಲ್ಲಿ ಎಳೆ ಬಿಟ್ಟಿದೆಯೋ ಅಲ್ಲಿ ಹೊಲಿಗೆ ಹಾಕಿಡಿ.